ಮಂಡಕ್ಕಿ ಕವರ್ ಸೀಳುವುದನ್ನು ಕಾಗೆಗಳು ನೋಡಿಯೇ ಕಲಿಯುತ್ತವೆಯೇ?

ಭಟ್ಟಿ ಪಕ್ಕದ ಮನೆ, ದಾವಣಗೆರೆ:
ನಮ್ಮ ಮನೆ ಮಂಡಕ್ಕಿ ಭಟ್ಟಿಯ ಪಕ್ಕದಲ್ಲಿದೆ. ರೆಕ್ಕೆಯಲ್ಲಿ ಬಿಳಿ ಗರಿಯಿರುವ ಒಂದು ಕಾಗೆ ಮಂಡಕ್ಕಿ ಕವರನ್ನು ಕಾಲಿನಿಂದ ಒತ್ತಿ ಹಿಡಿದು, ಗಂಟಿನ ಕೆಳಗೇ ಸೀಳುತ್ತಿತ್ತು. ಉಳಿದವು ಕಾಂಪೌಂಡಿನ ಮೇಲೆ ಕುಳಿತಿರುತ್ತಿದ್ದವು. ಈಗ ಅವೂ ಸೀಳುತ್ತಿವೆ. ನೋಡಿ ಕಲಿತವೇ? ಗೊರವಂಕಗಳು ಮಾತ್ರ ಚೆಲ್ಲಿದ್ದನ್ನಷ್ಟೇ ಹೆಕ್ಕುತ್ತವೆ, ಯಾಕೆ?

ಕೊಂಡಜ್ಜಿ ಕೆರೆ:
ಮೇಡಂ, ‘ಗಂಟಿನ ಕೆಳಗೇ’ ಎಂದು ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯ ಜೀವ ಅಲ್ಲಿದೆ. ಕವರಿನಲ್ಲಿ ತಿನಿಸಿದೆ ಎಂದು ತಿಳಿಯುವುದು ಬೇರೆ, ಅದನ್ನು ತೆರೆಯುವ ಬಗೆ ಕಲಿಯುವುದು ಬೇರೆ. ಇಂಗ್ಲೆಂಡಿನಲ್ಲಿ ಟಿಟ್ ಎಂಬ ಪುಟ್ಟ ಹಕ್ಕಿಗಳು ಹಾಲಿನ ಬಾಟಲಿಯ ಮುಚ್ಚಳ ಕಿತ್ತು ಕೆನೆ ತಿನ್ನುವುದು 1921ರಲ್ಲಿ ಸೌತಾಂಪ್ಟನ್ ಬಳಿ ಮೊದಲು ದಾಖಲಾಯಿತು. ಕ್ರಮೇಣ ದೇಶದ ತುಂಬ ಹರಡಿತು. ಒಂದನ್ನೊಂದು ನೋಡಿ ಕಲಿತವು ಎಂದೇ ಬಹಳ ಜನ ನಂಬಿದ್ದರು. ಆದರೆ 1984ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ, ಮೊದಲೇ ತೆರೆದಿಟ್ಟ ಡಬ್ಬಿಯಿಂದ ಕೆನೆ ತಿಂದ ಕೆಲವು ಹಕ್ಕಿಗಳು ಆಮೇಲೆ ಮುಚ್ಚಿದ ಡಬ್ಬಿಯನ್ನೂ ತೆರೆದವು. ಇನ್ನೊಂದು ಹಕ್ಕಿ ತೆರೆಯುವುದನ್ನು ಅವು ಕಂಡೇ ಇರಲಿಲ್ಲ!

ನನಗೆ ಅತ್ಯಂತ ಇಷ್ಟವಾದದ್ದು ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನ ಕೆಲಸ (2015). ಪೆಟ್ಟಿಗೆಯ ಬಾಗಿಲನ್ನು ಎಡಕ್ಕೆ ತಳ್ಳಿದರೂ ಬಲಕ್ಕೆ ತಳ್ಳಿದರೂ ಅದೇ ಹುಳು ಸಿಗುತ್ತಿತ್ತು. ಪ್ರತಿ ಗುಂಪಿನಿಂದ ಎರಡೆರಡು ಗ್ರೇಟ್ ಟಿಟ್‌ಗಳಿಗೆ ಒಂದು ಬಗೆಯನ್ನು ಮಾತ್ರ ಕಲಿಸಿ ಬಿಟ್ಟರು. ಇಪ್ಪತ್ತು ದಿನಗಳಲ್ಲಿ ಸುಮಾರು 75% ಹಕ್ಕಿಗಳು ಕಲಿತವು, ಅದೂ ತಮ್ಮ ಗುಂಪಿನ ಬಗೆಯನ್ನೇ. ಇನ್ನೊಂದು ದಾರಿ ಕಂಡುಕೊಂಡ ಹಕ್ಕಿಗಳೂ ಹೆಚ್ಚಾಗಿ ನೆರೆಹೊರೆಯ ರೂಢಿಗೇ ಮರಳಿದವು. ತೆರೆಯುವ ಬಗೆಯನ್ನೂ ನೋಡಿ ಕಲಿಯುತ್ತವೆ ಎನ್ನಲು ಎಷ್ಟು ಸೊಗಸಾದ ಸಾಕ್ಷ್ಯ!

ಗೊರವಂಕ ಕಾಗೆಯಂತೆ ತಿನಿಸನ್ನು ಕಾಲಡಿ ಒತ್ತಿ ಹಿಡಿಯುವ ಹಕ್ಕಿಯಲ್ಲ. ಚೆಲ್ಲಿದ್ದೇ ಸಾಕಷ್ಟಿರುವಾಗ ಕವರಿನ ಗೊಡವೆ ಅದಕ್ಕೇಕೆ?

ಚಿತ್ರದುರ್ಗದ ಓದುಗ:
ಸಿಡ್ನಿಯ ಕಾಕಟೂಗಳನ್ನೂ (ಜುಟ್ಟಿನ ಗಿಳಿಗಳು) ಸೇರಿಸಿ ಸರ್. ಕಸದ ಡಬ್ಬಿಯ ಮುಚ್ಚಳ ಎತ್ತುವ ವಿದ್ಯೆ 2018ಕ್ಕೆ ಮೊದಲು ಮೂರು ಬಡಾವಣೆಗಳಲ್ಲಿ ಮಾತ್ರ ಕಂಡಿತ್ತು. 2019ರ ಕೊನೆಗೆ 44 ಬಡಾವಣೆಗಳಿಗೆ ಹಬ್ಬಿತು. ದೂರ ಹೋದಷ್ಟೂ ಎತ್ತುವ ವರಸೆಯೂ ಬೇರೆ.

ಭಟ್ಟಿ ಪಕ್ಕದ ಮನೆ:
ಇವತ್ತು ನಿಂತು ನೋಡಿದೆ ಸರ್. ದೊಡ್ಡ ಕಾಗೆಗಳೆಲ್ಲ ಗಂಟಿನ ಕೆಳಗೇ ಸೀಳಿದವು. ಬಾಯಿಯೊಳಗೆ ಇನ್ನೂ ಕೆಂಪಿರುವ ಮರಿಯೊಂದು ತಳದಲ್ಲಿ ಕುಕ್ಕಿ ಕುಕ್ಕಿ ತೂತು ಮಾಡಿತು.

ಕೊಂಡಜ್ಜಿ ಕೆರೆ:
ಹಾಗಾದರೆ ಆ ಮರಿಯ ಮೇಲೇ ಕಣ್ಣಿಡಿ ಮೇಡಂ. ತಳದಲ್ಲೂ ಸುಲಭವಾಗಿ ಮಂಡಕ್ಕಿ ಸಿಗುತ್ತಿರುವಾಗ ಅದು ಗಂಟಿನ ಕಡೆಗೆ ತಿರುಗಿದರೆ, ದೊಡ್ಡವರಿಂದ ಬಗೆಯನ್ನೂ ಕಲಿತಿದೆ ಎನ್ನಲು ಬಲ ಬರುತ್ತದೆ. ದಯವಿಟ್ಟು ಬರೆಯಿರಿ.