ಪದಚರ್ಚೆ: ತಡೆಯಾಜ್ಞೆ, ನಿರ್ಬಂಧಕಾಜ್ಞೆ, ನಿಷೇಧಾಜ್ಞೆ

ಪ್ರಶ್ನೆ: ಪತ್ರಿಕೆಗಳಲ್ಲಿ ‘ಸ್ಟೇ’ಗೂ ‘ಇಂಜಂಕ್ಷನ್’ಗೂ ‘ತಡೆಯಾಜ್ಞೆ’ ಎಂದೇ ಬರೆಯುತ್ತಾರೆ. ಜಮೀನಿನ ದಾವೆಗಳಲ್ಲಿ ‘ಶಾಶ್ವತ ನಿರ್ಬಂಧಕಾಜ್ಞೆ’ ಎಂದಿರುತ್ತದೆ. ಊರಲ್ಲಿ ಗಲಾಟೆಯಾದರೆ ‘ನಿಷೇಧಾಜ್ಞೆ’. ಮೂರೂ ಒಂದೆಯೇ? ತಿಳಿದವರು ಹೇಳಬೇಕು.

ಉತ್ತರ: ಒಂದಲ್ಲ. ಆಜ್ಞೆ ಯಾರ ಕೈ ಕಟ್ಟುತ್ತದೆ ಎಂದು ನೋಡಿ, ಗೊಂದಲ ಬಿಡುತ್ತದೆ.

ನಿಷೇಧಾಜ್ಞೆ ಸಾರ್ವಜನಿಕ ಶಾಂತಿಗಾಗಿ ಮ್ಯಾಜಿಸ್ಟ್ರೇಟರು ಹೊರಡಿಸುವಂಥದ್ದು. ಹಳೆಯ 144ನೇ ಸೆಕ್ಷನ್; 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163.

ಸ್ಟೇ ಕಟ್ಟುವುದು ಕಲಾಪವನ್ನು: ಕೆಳಗಿನ ಕೋರ್ಟಿನ ವಿಚಾರಣೆ, ಡಿಕ್ರಿಯ (ದಾವೆಯಲ್ಲಿ ಕೋರ್ಟು ಕೊಟ್ಟ ತೀರ್ಮಾನದ) ಜಾರಿ, ಇಂಥವನ್ನು. ಇಂಜಂಕ್ಷನ್ ಕಟ್ಟುವುದು ಎದುರು ಪಕ್ಷಗಾರನನ್ನು. ಈ ಭೇದ ಬರೀ ಶಬ್ದದ್ದಲ್ಲ. ಸ್ಟೇ ಆದ ಸಂಗತಿ ಕೆಳಗಿನ ಕೋರ್ಟಿಗೆ ತಿಳಿಯುವ ಮೊದಲು ಅದು ನಡೆಸಿದ ಕಲಾಪ ಅಸಿಂಧುವಲ್ಲ ಎಂದು ಸುಪ್ರೀಂ ಕೋರ್ಟು 1967ರಲ್ಲಿ ಮುಲ್‌ರಾಜ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಆದೇಶವನ್ನು ಅಂದೇ ಕೆಳಗಿನ ಕೋರ್ಟಿಗೆ ಮುಟ್ಟಿಸಬೇಕು.

ಇಂಜಂಕ್ಷನ್‌ಗೆ ‘ನಿರ್ಬಂಧಕಾಜ್ಞೆ’ಯೇ ಸರಿ ಎಂದು ನನ್ನ ಅಭಿಪ್ರಾಯ. ಅದಕ್ಕೂ ಒಂದು ತೊಡಕಿದೆ. ದಾರಿಗೆ ಅಡ್ಡ ಕಟ್ಟಿದ ಗೋಡೆ ಕೆಡವು ಎಂದು ಕೋರ್ಟು ಹೇಳುವುದೂ ಇಂಜಂಕ್ಷನ್ನೇ (ನಿರ್ದಿಷ್ಟ ಪರಿಹಾರ ಕಾಯ್ದೆ 1963, ಸೆಕ್ಷನ್ 39). ಅಲ್ಲಿ ತಡೆಯೂ ಇಲ್ಲ, ನಿರ್ಬಂಧವೂ ಇಲ್ಲ. ವಕೀಲರು ‘ಮ್ಯಾಂಡೇಟರಿ ಇಂಜಂಕ್ಷನ್’ ಎಂದೇ ಅನ್ನುತ್ತಾರೆ. ಹಾಗೆಯೇ ಬರೆದರೆ ತಪ್ಪಿಲ್ಲ.

‘ಅವನು ತಡೆಯಾಜ್ಞೆ ತಂದಿದ್ದಾನೆ’ ಎಂದು ಊರಲ್ಲಿ ಆಡುವ ಮಾತು ಬಹುಪಾಲು ತಾತ್ಕಾಲಿಕ ಆಜ್ಞೆಯದು: ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ, 1 ಮತ್ತು 2ನೇ ನಿಯಮ. ಮೇಲ್ನೋಟಕ್ಕೆ ಹಕ್ಕು ಕಾಣಬೇಕು, ಅನುಕೂಲದ ತೂಕ ಅರ್ಜಿದಾರನ ಕಡೆ ಇರಬೇಕು, ಹಣದಿಂದ ತುಂಬಲಾಗದ ನಷ್ಟವಾಗುವಂತಿರಬೇಕು. ಎದುರಾಳಿಯನ್ನು ಕೇಳದೆ ಆಜ್ಞೆ ಕೊಟ್ಟರೆ ಕಾರಣ ದಾಖಲಿಸಬೇಕು. ಅರ್ಜಿದಾರ ಅರ್ಜಿ, ಪ್ರಮಾಣಪತ್ರ (ಅಫಿಡವಿಟ್), ದಾವಾಪತ್ರ, ದಾಖಲೆಗಳ ಪ್ರತಿಯನ್ನು ಕೂಡಲೇ ಎದುರಾಳಿಗೆ ತಲುಪಿಸಬೇಕು ಇಲ್ಲವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು, ಹಾಗೆ ಮಾಡಿದ್ದಕ್ಕೆ ಅಂದೋ ಮರುದಿನವೋ ಪ್ರಮಾಣಪತ್ರ ಹಾಕಬೇಕು. ಎಡವುವುದು ಇಲ್ಲಿಯೇ. ಇದನ್ನು ಬಿಟ್ಟರೆ ಆಜ್ಞೆ ತೆರವು ಮಾಡಿಸಲು ಎದುರಾಳಿಗೆ ಒಳ್ಳೆಯ ಕಾರಣ ಸಿಕ್ಕಂತೆ.

ಆಜ್ಞೆ ಮೀರಿದವನ ಆಸ್ತಿ ಜಪ್ತಿ ಮಾಡಬಹುದು, ಮೂರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ಆದರೆ ತಾತ್ಕಾಲಿಕ ಆಜ್ಞೆ ಸಿಕ್ಕ ಮಾತ್ರಕ್ಕೆ ಜಮೀನು ಅರ್ಜಿದಾರನದಾಯಿತು ಎಂದಲ್ಲ. ಮಾಲೀಕತ್ವದ ಬಗ್ಗೆಯೇ ಗಂಭೀರ ತಕರಾರಿದ್ದರೆ ಬರೀ ನಿರ್ಬಂಧಕಾಜ್ಞೆಯ ದಾವೆ ಸಾಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕು.