ಗಾರ್ಮೆಂಟ್ಸ್‌ನಲ್ಲಿ ಕೆಲಸದ ತೃಪ್ತಿ ಅಳೆಯೋದು ಹೇಗೆ? ಮಾಡಿದವರು, ತುಂಬಿದವರು ಹೇಳಿ

ಎಂಎಸ್‌ಡಬ್ಲ್ಯು ಹುಡುಗಿ (ಕೇಳಿದವರು):
ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ) ಕೊನೆಯ ಸೆಮಿಸ್ಟರ್. ರಾಮನಗರದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಟೈಲರ್‌ಗಳ ಕೆಲಸದ ತೃಪ್ತಿಗೂ ಕೆಲಸ ಬಿಡುವ ಯೋಚನೆಗೂ ಏನು ಸಂಬಂಧ ಅನ್ನೋದು ವಿಷಯ. 400 ಜನರಿಗೆ ಫಾರಂ ಕೊಡಬೇಕು. ಎಚ್‌ಆರ್ ಸರ್ "ಸೂಪರ್‌ವೈಸರ್ ಕೈಲಿ ಕೊಟ್ಟುಬಿಡಮ್ಮ, ಸಂಜೆಯೊಳಗೆ ತುಂಬಿಸಿ ಕೊಡ್ತಾರೆ" ಅಂದರು. ಗೈಡ್ "ಆಲ್ಫಾ (ಪ್ರಶ್ನೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಂಕಿ) 0.7 ದಾಟಿದರೆ ಸಾಕು" ಅಂದರು. ಎರಡೂ ತುಂಬಾ ಸಲೀಸಾಗಿ ಕಾಣಿಸುತ್ತಿದೆ, ಅದಕ್ಕೇ ಅನುಮಾನ. ನಿಮ್ಮ ಅನುಭವ ಹೇಳಿ.

ಕಾಲರ್ ಟೈಲರ್:
ನಾನು ತುಂಬಿದವಳು. ಸೂಪರ್‌ವೈಸರ್ ಕೈಲಿ ಕೊಡಬೇಡ ಕಣಮ್ಮ. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡ್ ಮೇಲೆ ಬರೆದಿರುತ್ತಾರೆ, ಫಾರಂ ತುಂಬೋ ಹೊತ್ತಿನ ಪೀಸ್ ಯಾರ ಲೆಕ್ಕಕ್ಕೆ ಅಂತ ಯಾರೂ ಹೇಳಲ್ಲ, ಅವನು ಹಿಂದೆ ನಿಂತು "ಬೇಗ ಬೇಗ" ಅಂತಿರುತ್ತಾನೆ, ಆಗ ನಾವು ಮೊದಲನೇ ಕಾಲಂಗೆ ಮೇಲಿಂದ ಕೆಳಗೆ ಟಿಕ್ ಹಾಕಿ ಕೊಡ್ತೀವಿ. ಎಲ್ಲರಿಗೂ ಎಲ್ಲಾ ತೃಪ್ತಿ!

ಇನ್ನೊಂದು ವಿಷಯ. ಹೆಸರು ಬೇಡ ಅಂತ ಹೇಳಿ, ಲೈನ್ ನಂಬರ್, ವಯಸ್ಸು, ಊರು, ಸೇರಿದ ವರ್ಷ ಎಲ್ಲಾ ಕೇಳುತ್ತಾರೆ. ನಮ್ಮ ಲೈನ್‌ನಲ್ಲಿ ಮಾಗಡಿಯಿಂದ ಬರೋ ನಲವತ್ತು ದಾಟಿದವಳು ನಾನೊಬ್ಬಳೇ. ಮತ್ತೆ ಹೆಸರು ಯಾಕೆ ಬೇಕು?

ಅಂಕಿಅಂಶದ ಮೇಷ್ಟ್ರು:
ಅಕ್ಕ ಹೇಳಿದ ಮೇಲಿಂದ ಕೆಳಗೆ ಟಿಕ್ ಇದೆಯಲ್ಲ, ಆಲ್ಫಾದ ಗುಟ್ಟು ಅಲ್ಲೇ ಇದೆ. ಎಲ್ಲರೂ ತಮಗೆ ಸಿಕ್ಕ ಒಂದೊಂದು ಕಾಲಂ ಹಿಡಿದು ಹಾಗೆ ಟಿಕ್ ಹಾಕಿದರೆ ಆಲ್ಫಾ ಕುಸಿಯಲ್ಲ, ಆಕಾಶಕ್ಕೇರುತ್ತದೆ. ಕ್ರಾನ್‌ಬಾಕ್ 1951ರಲ್ಲಿ ಕೊಟ್ಟ ಈ ಸೂತ್ರ ಹೇಳೋದು ಇಷ್ಟೇ, ಪ್ರಶ್ನೆಗಳ ಉತ್ತರ ಒಟ್ಟೊಟ್ಟಿಗೆ ಏರಿ ಇಳಿಯುತ್ತವೆಯಾ ಅಂತ. ಅವು ತೃಪ್ತಿಯನ್ನು ಅಳೆಯುತ್ತಿವೆಯೋ, ಸೂಪರ್‌ವೈಸರ್ ಭಯವನ್ನೋ, ಅದು ಹೇಳಲ್ಲ. ಉತ್ತರಗಳು ಒಂದಕ್ಕೊಂದು ಹೊಂದೋದು (ನಂಬಲರ್ಹತೆ) ಬೇರೆ, ಅಳೆಯಬೇಕಾದ್ದನ್ನೇ ಅಳೆಯೋದು (ಸಿಂಧುತ್ವ) ಬೇರೆ.

ಮತ್ತೆ ಪ್ರಶ್ನೆ ಜಾಸ್ತಿ ಮಾಡಿದರೆ ಸಾಕು, ಆಲ್ಫಾ ತಾನಾಗೇ ಏರುತ್ತದೆ. ಪ್ರಶ್ನೆಗಳ ನಡುವಿನ ಸರಾಸರಿ ಸಹಸಂಬಂಧ 0.3 ಅಂತ ಇಟ್ಟುಕೊಳ್ಳಿ. 5 ಪ್ರಶ್ನೆಗೆ ಆಲ್ಫಾ 0.68. ಗೈಡ್ ಒಪ್ಪಲ್ಲ. ಅದೇ ಥರದ 20 ಪ್ರಶ್ನೆ ಹಾಕಿ, 0.90 ಹತ್ತಿರ ಬರುತ್ತದೆ. ಗೈಡ್ ಖುಷಿ. ಅಳತೆ ಏನಾದರೂ ಸುಧಾರಿಸಿತಾ? ಒಂದೇ ಮಾತನ್ನು ನಾಲ್ಕು ಸಲ ಕೇಳಿದ್ದಷ್ಟೇ.

ಇದಕ್ಕಿಂತ ದೊಡ್ಡ ತೊಂದರೆ ನಿಮ್ಮ 400ರಲ್ಲಿದೆ. ಒಂದು ಲೈನ್‌ನಲ್ಲಿ 50 ಜನ, ಒಬ್ಬನೇ ಸೂಪರ್‌ವೈಸರ್, ಒಂದೇ ಟಾರ್ಗೆಟ್, ಒಂದೇ ಬೈಗುಳ. ಅವರ ಉತ್ತರ ಒಂದರಂತೆ ಒಂದು ಇರೋದು ಸಹಜ ಅಲ್ವಾ. ಉತ್ತರಗಳ ಏರಿಳಿತದಲ್ಲಿ ಹತ್ತನೇ ಒಂದು ಪಾಲು ಲೈನ್‌ನಿಂದಲೇ ಬಂದಿದ್ದರೆ, ಒಬ್ಬರನ್ನು ಬಿಟ್ಟು ಲೈನ್‌ನ ಉಳಿದ 49 ಜನರನ್ನು ಹಿಡಿದು, 400ನ್ನು 1 + 49 × 0.1 ಅಂದರೆ 5.9 ರಿಂದ ಭಾಗಿಸಬೇಕು. 400 ಜನ 68 ಜನರಷ್ಟೇ ತೂಗುತ್ತಾರೆ. ಹಾಗಾಗಿ ಎಂಟು ಲೈನ್ ಪೂರ್ತಿ ತೆಗೆದುಕೊಳ್ಳೋ ಬದಲು ಎಲ್ಲ ಲೈನ್‌ಗಳಿಂದ ಸ್ವಲ್ಪ ಸ್ವಲ್ಪ ಜನ ತೆಗೆದುಕೊಳ್ಳಿ.

ಎಚ್‌ಆರ್ ಹಳಬ:
ಮೇಷ್ಟ್ರ ಲೆಕ್ಕ ಸರಿ. ನಾನು ಬೇರೆ ಕಡೆಯಿಂದ ಬರುತ್ತೇನೆ. "ಕೆಲಸ ಬಿಡುವ ಯೋಚನೆ ಇದೆಯಾ" ಅನ್ನೋದನ್ನು ಅದೇ ಫಾರಂನಲ್ಲಿ, ಅದೇ ದಿನ, ಅದೇ ಮನುಷ್ಯರನ್ನು ಕೇಳಿದರೆ ಸಂಬಂಧ ಸಿಕ್ಕೇ ಸಿಗುತ್ತದೆ. ಬೆಳಗ್ಗೆ ಬೈಸಿಕೊಂಡವಳು ಎರಡಕ್ಕೂ ಕೆಟ್ಟ ಉತ್ತರ ಕೊಡುತ್ತಾಳೆ. ಈ ಒಂದೇ ವಿಧಾನದ ದೋಷದ ಬಗ್ಗೆ ಪೊಡ್ಸಕಾಫ್ ಮತ್ತು ಜೊತೆಗಾರರು 2003ರಲ್ಲಿ ಬರೆದ ಲೇಖನವನ್ನು ನಿಮ್ಮ ಗೈಡ್ ಖಂಡಿತ ಓದಿರುತ್ತಾರೆ. ಆದ್ದರಿಂದ ತೃಪ್ತಿಯನ್ನು ಈಗ ಕೇಳಿ, ಹಾಜರಿಯನ್ನು ಎರಡು ತಿಂಗಳು ಬಿಟ್ಟು ರಿಜಿಸ್ಟರ್‌ನಿಂದ ತೆಗೆದುಕೊಳ್ಳಿ. ಸಮಯ ಇಲ್ಲ ಅಂದರೆ ಲೈನ್‌ವಾರು ಗೈರುಹಾಜರಿಯಾದರೂ ತೆಗೆದುಕೊಳ್ಳಿ.

ಕೆಲಸ ಬಿಟ್ಟವರ ಪಟ್ಟಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಮದುವೆ, ಬಾಣಂತನ, ಮಗುವಿನ ಸ್ಕೂಲು, ಊರಲ್ಲಿ ಸಾಲ, ಪಿಎಫ್ ದುಡ್ಡು. ರಾಜೀನಾಮೆ ಕೊಟ್ಟರೆ ಪಿಎಫ್ ಕೈಗೆ ಬರುತ್ತದೆ, ಅದಕ್ಕೇ ಬಿಟ್ಟು, ಆಮೇಲೆ ಪಕ್ಕದ ಫ್ಯಾಕ್ಟರಿ ಸೇರುವವರು ಎಷ್ಟೋ ಜನ. ಆ ದುಡ್ಡು ಎಷ್ಟು ಮುಖ್ಯ ಅಂತ ನೋಡಬೇಕಾದರೆ 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು, ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಇವರನ್ನೆಲ್ಲ "ಅತೃಪ್ತರು" ಅಂತ ಎಣಿಸಿದರೆ ನಿಮ್ಮ ಮಾನದಂಡವೇ ಕಲಬೆರಕೆ. ಇನ್ನು ನಿಜವಾಗಿ ಬೇಸತ್ತವರು ಮೊದಲ ಕೆಲವು ತಿಂಗಳಲ್ಲೇ ಹೋಗಿರುತ್ತಾರೆ, ನಿಮ್ಮ ಫಾರಂ ಸಿಗೋದು ಉಳಿದವರಿಗೆ.

ಐಇ ಡಿಪಾರ್ಟ್‌ಮೆಂಟ್:
ಹಾಗಂತ ಎಫಿಶಿಯೆನ್ಸಿ ಶೀಟ್ (ಯಾರು ಟಾರ್ಗೆಟ್‌ನಲ್ಲಿ ಎಷ್ಟು ಪಾಲು ಮುಗಿಸಿದರು ಅನ್ನೋ ಪಟ್ಟಿ) ಕಡೆ ಓಡಬೇಡಿ, ಅದಂತೂ ಇನ್ನೂ ಕಷ್ಟ. ಸ್ಟೈಲ್ ಬದಲಾದ ವಾರ ಎಂಥ ಒಳ್ಳೆ ಟೈಲರ್ ಸಂಖ್ಯೆಯೂ ಬೀಳುತ್ತದೆ. ಕಟಿಂಗ್‌ನಿಂದ ಬಂಡಲ್ ಬರದಿದ್ದರೆ ಅವಳು ಸುಮ್ನೆ ಕೂರಬೇಕು. ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸುತ್ತಮುತ್ತಲ ಫ್ಯಾಕ್ಟರಿಗಳಲ್ಲಿ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದಾಗ ಶಾಖ ಕಡಿಮೆಯಾಗಿ, ಸೆಕೆ ಜಾಸ್ತಿ ಇರುವ ದಿನಗಳಲ್ಲಿ ಉತ್ಪಾದನೆ ಸುಧಾರಿಸಿತು ಅಂತ ಅಧ್ವರ್ಯು, ಕಲಾ, ನ್ಯಾಷಾಧಮ್ ಅನ್ನೋ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ತಲೆ ಮೇಲಿನ ಲೈಟು ಟೈಲರ್‌ನ ಅಂಕ ಬದಲಿಸುತ್ತದೆ ಅಂದಮೇಲೆ ಆ ಅಂಕವನ್ನು ಅವಳ ಮನಸ್ಸಿನ ಲೆಕ್ಕಕ್ಕೆ ಹಾಕೋದು ಹೇಗೆ?

ಎರಡನೇ ವರ್ಷದ ಎಂಬಿಎ:
ಲೈಟು ಅಂದರೆ ಹಾಥಾರ್ನ್ ಕಾರ್ಖಾನೆಯ ಪ್ರಯೋಗ ಅಲ್ವಾ? ಬೆಳಕು ಕೂಡಿಸಿದರೂ ಉತ್ಪಾದನೆ ಏರಿತು, ಕಳೆದರೂ ಏರಿತು, ಯಾಕಂದ್ರೆ ಗಮನ ಸಿಕ್ಕಿತು. ಅಂದರೆ ಸರ್ವೆ ಮಾಡಿದರೇ ತೃಪ್ತಿ ಏರುತ್ತದೆ!

ಅಂಕಿಅಂಶದ ಮೇಷ್ಟ್ರು:
ಪಠ್ಯಪುಸ್ತಕದ ಕಥೆ ಅಷ್ಟು ಸಲೀಸಿಲ್ಲಪ್ಪ. ಷಿಕಾಗೋ ಹತ್ತಿರದ ಆ ಕಾರ್ಖಾನೆಯಲ್ಲಿ ಬೆಳಕಿನ ಪ್ರಯೋಗ ಶುರುವಾಗಿದ್ದು 1924ರಲ್ಲಿ. ಕಳೆದೇಹೋಗಿದೆ ಅಂದುಕೊಂಡಿದ್ದ ಅದರ ದಾಖಲೆ ಸಿಕ್ಕಿ, ಲೆವಿಟ್ ಮತ್ತು ಲಿಸ್ಟ್ 2011ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಆ ಅಚ್ಚರಿಯ ಏರಿಕೆ ಹೆಚ್ಚೇನೂ ಕಾಣಲಿಲ್ಲ. ಆಮೇಲೆ ಟೆಲಿಫೋನ್ ರಿಲೇ ಜೋಡಿಸುವ ಕೋಣೆಯಲ್ಲಿ ಮಾಡಿದ ಪ್ರಯೋಗದಲ್ಲಿ ಇದ್ದವರು 5 ಹೆಂಗಸರು, ಅದರಲ್ಲಿ ಇಬ್ಬರನ್ನು ನಡುವೆ ಬದಲಾಯಿಸಿದರು, ಕೂಲಿ ಕೊಡುವ ರೀತಿಯನ್ನೂ ಬದಲಾಯಿಸಿದರು. ಗಮನ ಒಂದೇ ಕಾರಣ ಅಂತ ಹೇಗೆ ಹೇಳುತ್ತೀರಿ?

ಆದರೆ ನಿಮ್ಮ ಕೊನೆಯ ಮಾತನ್ನು ತಳ್ಳಿಹಾಕಲ್ಲ. ಅದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ನಿರೀಕ್ಷಿಸಿದಷ್ಟು ಕೂಲಿ ಏರದೆ ಬೇಸರವಾಗಿದ್ದ ಹೊತ್ತಿನಲ್ಲಿ, ನಮ್ಮ ದೇಶದ ಗಾರ್ಮೆಂಟ್ಸ್ ಕಾರ್ಮಿಕರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಹೆಸರಿಲ್ಲದ ಸರ್ವೆಯಲ್ಲಿ ಕೆಲಸ, ಸೂಪರ್‌ವೈಸರ್, ತೃಪ್ತಿ ಬಗ್ಗೆ ಕೇಳಿದರು. ಸರ್ವೆಗೆ ಆರಿಸಿದವರು ಕೆಲಸ ಬಿಟ್ಟಿದ್ದೂ ಕಡಿಮೆ, ಗೈರಾದದ್ದೂ ಕಡಿಮೆ. ಜಾಸ್ತಿ ಬೇಸರವಾಗಿದ್ದವರಲ್ಲೇ ಪರಿಣಾಮ ಜಾಸ್ತಿ. ಅಧ್ವರ್ಯು, ಮೊಲಿನಾ, ನ್ಯಾಷಾಧಮ್ 2022ರಲ್ಲಿ ಪ್ರಕಟಿಸಿದ್ದು. ಎಂಎಸ್‌ಡಬ್ಲ್ಯು ಅವರೇ, ನೀವು ಫಾರಂ ಕೊಟ್ಟು ಎರಡು ತಿಂಗಳ ಮೇಲೆ ಹಾಜರಿ ನೋಡುವುದಾದರೆ ಇದನ್ನು ಮರೆಯಬೇಡಿ. ಫಾರಂ ಸಿಗದ ಕೆಲವರ ಹಾಜರಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಫಿನಿಶಿಂಗ್ ಇನ್‌ಚಾರ್ಜ್:
ಎಲ್ಲಾ ಸರಿ, ಒಬ್ಬ ವಿದ್ಯಾರ್ಥಿನಿ ಪ್ರಾಜೆಕ್ಟ್‌ಗೆ ಇಷ್ಟೊಂದಾ? ಡಿಗ್ರಿ ಸಿಗಬೇಕಾ ಬೇಡವಾ ಪಾಪ.

ಎಚ್‌ಆರ್ ಹಳಬ:
ಕೆಲಸ ಕಡಿಮೆ ಮಾಡೋಕೇ ಹೇಳುತ್ತಿರೋದು ಸ್ವಾಮಿ. 400 ಬೇಡ, 150 ಸಾಕು, ಆದರೆ ಆ ಹುಡುಗಿಯೇ ಅವರ ಜೊತೆ ಮುಖತಃ ಕೂತು ಕೇಳಲಿ. ಓದೋಕೆ ಕಷ್ಟಪಡುವವರಿಗೆ ಮುಖದ ಚಿತ್ರಗಳ ಸಾಲು ತೋರಿಸಬಹುದು, ನಗುವಿನಿಂದ ಗಂಟುಮುಖದವರೆಗೆ. ಕುನಿನ್ 1955ರಲ್ಲೇ ಇದನ್ನು ತೃಪ್ತಿ ಅಳೆಯೋಕೆ ಮಾಡಿದ್ದು. "ನನ್ನ ಕೆಲಸ ನನಗೆ ಇಷ್ಟವಿಲ್ಲ, ಒಪ್ಪುವುದಿಲ್ಲ" ಥರದ ತಿರುವುಮುರುವು ಪ್ರಶ್ನೆ ಬೇಡವೇ ಬೇಡ. ಟೆಂಪೋ ಹೊರಡುವ ಹೊತ್ತಲ್ಲಿ ಅದನ್ನು ಬಿಡಿಸೋ ತಾಳ್ಮೆ ಯಾರಿಗಿರುತ್ತದೆ?

ಎಂಎಸ್‌ಡಬ್ಲ್ಯು ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ವಯಸ್ಸು, ಊರು ತೆಗೆದೆ. ಫಾರಂ ನಾನೇ ಊಟದ ಹಾಲ್‌ನಲ್ಲಿ ಕೊಡುತ್ತೇನೆ ಅಂತ ಎಚ್‌ಆರ್ ಸರ್‌ಗೆ ಹೇಳಿದೆ, ಅರೆಮನಸ್ಸಿನಿಂದ ಒಪ್ಪಿದರು. ಹೆಸರಿಲ್ಲದಿದ್ದರೆ ಆಮೇಲೆ ಹಾಜರಿ ಜೊತೆ ಹೊಂದಿಸೋದು ಹೇಗೆ?

ಅಂಕಿಅಂಶದ ಮೇಷ್ಟ್ರು:
ಒಬ್ಬೊಬ್ಬರದೂ ಹೊಂದಿಸಬೇಡಿ. ಲೈನ್‌ನ ಸರಾಸರಿ ತೃಪ್ತಿಯನ್ನು ಲೈನ್‌ನ ಗೈರುಹಾಜರಿ ಜೊತೆ ನೋಡಿ. ಲೈನ್ ನಂಬರ್ ಅವರ ಕೈಲಿ ಬರೆಸೋದು ಬೇಡ, ಆ ಲೈನ್‌ನ ಫಾರಂ ಕಟ್ಟಿನ ಮೇಲೆ ನೀವೇ ಗುರುತು ಮಾಡಿಕೊಳ್ಳಿ, ಕಟ್ಟು ನಿಮ್ಮ ಹತ್ತಿರವೇ ಇರುತ್ತದೆ ಅಂತ ಅವರಿಗೆ ಮೊದಲೇ ಹೇಳಿಬಿಡಿ. ಆದರೆ ಬರೆಯುವಾಗ "ತೃಪ್ತಿ ಕಡಿಮೆ ಇರುವ ಲೈನ್‌ಗಳಲ್ಲಿ ಗೈರು ಜಾಸ್ತಿ" ಅಂತ ಮಾತ್ರ ಬರೆಯಿರಿ, "ಅತೃಪ್ತ ಟೈಲರ್ ಗೈರಾಗುತ್ತಾಳೆ" ಅಂತ ಬರೆಯಬೇಡಿ. ಗುಂಪಿನ ಲೆಕ್ಕದಿಂದ ಒಬ್ಬಳ ಬಗ್ಗೆ ಹೇಳೋಕಾಗಲ್ಲ.

ಕಾಲರ್ ಟೈಲರ್:
ಊಟದ ಹೊತ್ತು ಅರ್ಧ ಗಂಟೆ ಮಾತ್ರ, ಅದರಲ್ಲಿ ಕೈ ತೊಳೆಯೋ ಕ್ಯೂ ಬೇರೆ. ಪ್ರಶ್ನೆ ಹತ್ತರೊಳಗಿರಲಿ. ಶಿಪ್‌ಮೆಂಟ್ ವಾರ ಬರಬೇಡ, ಸಂಬಳದ ಮಾರನೇ ದಿನವೂ ಬೇಡ, ಅವತ್ತು ಎಲ್ಲರೂ ಖುಷಿಯಾಗೇ ಇರ್ತಾರೆ. ಹಾಸ್ಟೆಲ್‌ನಲ್ಲಿರೋ ಒಡಿಶಾ, ಜಾರ್ಖಂಡ್ ಹುಡುಗಿಯರನ್ನೂ ಕೇಳು, ಅವರಿಗೆ ಕನ್ನಡ ಫಾರಂ ಆಗಲ್ಲ, ಹಿಂದಿ ಬರೋರನ್ನು ಕರ್ಕೊಂಡು ಬಾ. ವಾರ್ಡನ್‌ನ ಮಾತ್ರ ಕರೀಬೇಡ.