ಓದುಗರ ಸ್ಪಂದನ: ‘ಅಂತಿಗೊನೆ’ಯನ್ನು ಅರ್ಧಕ್ಕೆ ಬಿಡಲೇ?

ಕುಂಬಳೆ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲೊಂದರ ಅಧ್ಯಾಪಕಿಯ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಓದಿದ್ದೀರಿ. ಒಂಬತ್ತನೆಯ ತರಗತಿಗೆ ಗ್ರೀಕ್ ನಾಟಕಕಾರ ಸೋಫೋಕ್ಲಿಸನ ‘ಅಂತಿಗೊನೆ’ ಓದಿಸಬೇಕೆಂದು ಹೊರಟ ಅವರು ಮೊದಲ ದಿನ ಕಥಾಸಾರ ಹೇಳಿದರು: ಅಣ್ಣನ ಹೆಣಕ್ಕೆ ಯಾರೂ ಸಂಸ್ಕಾರ ಮಾಡಬಾರದೆಂಬ ರಾಜ ಕ್ರಿಯೋನನ ಆಜ್ಞೆ ಮೀರಿ ಅಂತಿಗೊನೆ ಮಣ್ಣು ಹಾಕುತ್ತಾಳೆ, ಅದಕ್ಕಾಗಿ ಅವಳನ್ನು ಜೀವಂತ ಗುಹೆಯಲ್ಲಿ ಮುಚ್ಚಲಾಗುತ್ತದೆ. ಕೊನೆಯ ಮೂರು ಸಾವುಗಳಿಗೆ (ಅಂತಿಗೊನೆ, ಅವಳನ್ನು ಮದುವೆಯಾಗಬೇಕಿದ್ದ ಹೇಮನ್, ಅವನ ತಾಯಿ) ಬಂದಾಗ ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಒಬ್ಬಳು ಹುಡುಗಿ ಅಳುತ್ತ ಹೊರಗೆ ಹೋದಳು. ಮರುದಿನ ಒಬ್ಬ ತಂದೆ ಬಂದು, ಪರೀಕ್ಷೆಗೆ ಇಲ್ಲದ ಸಾವಿನ ನಾಟಕ ಮಕ್ಕಳಿಗೆ ಯಾಕೆ ಎಂದು ಕೇಳಿದರು. ಇದನ್ನು ಇಲ್ಲಿಗೇ ಬಿಟ್ಟು ಸುಖಾಂತವಾದದ್ದೇನಾದರೂ ತೆಗೆದುಕೊಳ್ಳಲೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಎಲ್ಲರೂ ಕೇಳಿದ ಪ್ರಶ್ನೆಗೇ ಉತ್ತರಿಸಿದ್ದಾರೆ ಎನ್ನಲಾರೆವು.

*

ಮೂರು ಸಾವನ್ನು ಮೂರು ವಾಕ್ಯದಲ್ಲಿ ಮುಗಿಸಿದರೆ ಯಾರಿಗಾದರೂ ನಗು ಬರುತ್ತದೆ. ನಾಟಕ ಇನ್ನೂ ಓದಿಸಿಯೇ ಇಲ್ಲ, ಬಿಡುವುದು ಏನನ್ನು? ಪುಸ್ತಕ ತೆರೆಯಿರಿ.

— ಒಬ್ಬ ಓದುಗ, ಮುಳ್ಳೇರಿಯ

*

ಮಾತು ಖಾರವಾಗಿದೆ. ಅದನ್ನೇ ಅವಧಿಗಳ ಲೆಕ್ಕದಲ್ಲಿ ಬಿಡಿಸಿ ಹೇಳಿದವರು ಬದಿಯಡ್ಕದ ನಿವೃತ್ತ ಅಧ್ಯಾಪಕರು.

ಟೀಚರೇ, ಈ ನಾಟಕಕ್ಕೆ ಆರು ಅವಧಿ ಸಾಕು. ಅದಕ್ಕಿಂತ ಎಳೆದರೆ ಮಕ್ಕಳಿಗೆ ಬಿಗಿ ತಪ್ಪುತ್ತದೆ, ಎರಡರಲ್ಲಿ ಮುಗಿಸಿದರೆ ಕೊನೆಗೆ ಹೆಣಗಳ ಎಣಿಕೆ ಮಾತ್ರ ಉಳಿಯುತ್ತದೆ.

ಮೊದಲ ಹತ್ತು ನಿಮಿಷ ಕಪ್ಪುಹಲಗೆಯ ಮೇಲೆ ಸಂಬಂಧ ಬರೆಯಿರಿ. ಗ್ರೀಕ್ ಹೆಸರುಗಳಿಗೆ ಮಕ್ಕಳು ಹೆದರುವುದು ಯಾರು ಯಾರಿಗೆ ಏನಾಗಬೇಕು ಎಂಬುದು ತಿಳಿಯದೆ. ಕ್ರಿಯೋನ್ ಅಂತಿಗೊನೆಯ ತಾಯಿಯ ತಮ್ಮನೋ ಅಣ್ಣನೋ, ಅಂತೂ ಸೋದರಮಾವ. ಹೇಮನ್ ಆ ಮಾವನ ಮಗ, ಅವನಿಗೂ ಇವಳಿಗೂ ಮದುವೆ ನಿಶ್ಚಯವಾಗಿದೆ. ಸೋದರಮಾವನೇ ಯಜಮಾನನಾದ ಅಳಿಯಕಟ್ಟಿನ ಮನೆಗಳಿರುವ ಊರಿನ ಮಕ್ಕಳಿಗೆ ಸೋದರಮಾವನ ಮಾತು ಮೀರುವುದೆಂದರೇನು ಎಂದು ಬೇರೆ ವಿವರಿಸಬೇಕಾಗಿಲ್ಲ. ಗ್ರೀಸಿನಲ್ಲಿ ಅಳಿಯಕಟ್ಟು ಇರಲಿಲ್ಲ ಎಂಬುದನ್ನೂ ಹೇಳಿಬಿಡಿ, ಇಲ್ಲವಾದರೆ ಯಾರಾದರೂ ಉತ್ತರಪತ್ರಿಕೆಯಲ್ಲಿ ಬರೆದಾರು. ಹೆಣಕ್ಕೆ ಸಂಸ್ಕಾರ ನಿಲ್ಲಿಸುವುದು ಎಷ್ಟು ದೊಡ್ಡ ಶಿಕ್ಷೆ ಎಂಬುದೂ ಹಾಗೆಯೇ. ಬೊಜ್ಜ (ಉತ್ತರಕ್ರಿಯೆ) ಗೊತ್ತಿಲ್ಲದ ಮನೆ ಇಲ್ಲ, ಮಯ್ಯತ್ತಿಗೆ (ಮುಸ್ಲಿಮರ ಶವಸಂಸ್ಕಾರಕ್ಕೆ) ಹೋಗದ ಮನೆಯೂ ಇಲ್ಲ.

ಆಮೇಲೆ ಅಂತಿಗೊನೆ, ಇಸ್ಮೆನೆ ಎಂಬ ಅಕ್ಕತಂಗಿಯರ ಮಾತು ಮತ್ತು ಹೆಣ ಕಾಯುವ ಕಾವಲುಗಾರನ ಮೊದಲ ಪ್ರವೇಶ. ಈ ಕಾವಲುಗಾರನೇ ನಿಮ್ಮ ಹಿಂದಿನ ಬೆಂಚಿನವರಿಗೆ ಔಷಧ. ಸುದ್ದಿ ತಂದವನ ತಲೆ ಹೋಗುತ್ತದೋ ಎಂದು ಹೆದರಿ, ದಾರಿಯಲ್ಲಿ ನಿಂತು ನಿಂತು ಬಂದೆ ಎಂದು ಸುತ್ತಿಬಳಸುತ್ತಾನೆ. ಇಲ್ಲಿ ನಗು ಬರಲೆಂದೇ ಸೋಫೋಕ್ಲಿಸ್ ಬರೆದದ್ದು. ‘ಮ್ಯಾಕ್‌ಬೆತ್’ನಲ್ಲಿ ಡಂಕನ್ನನ ಕೊಲೆಯ ಬೆನ್ನಿಗೇ ಕುಡಿದ ಬಾಗಿಲು ಕಾಯುವವ ಬರುವುದೂ ಇದೇ ಲೆಕ್ಕ. ನಗಬೇಕಾದಲ್ಲಿ ನಗಲು ಬಿಟ್ಟರೆ ನಗಬಾರದಲ್ಲಿ ನಗು ಕಡಿಮೆಯಾಗುತ್ತದೆ. ಅತಿ ಹೆಚ್ಚು ನಕ್ಕ ಹುಡುಗನಿಗೇ ಆ ಪಾತ್ರ ಕೊಡಿ.

ಎರಡನೆಯ ಅವಧಿ ಕ್ರಿಯೋನ್ ಮತ್ತು ಅಂತಿಗೊನೆಯದು, ಮೂರನೆಯದು ತಂದೆ ಮಗನ ವಾಗ್ವಾದದ್ದು. ಮೊದಲು ಇಬ್ಬರದೂ ಉದ್ದ ಮಾತು, ನಂತರ ಒಂದೊಂದೇ ಸಾಲಿನ ಏಟು. ಆ ಒಂದೊಂದು ಸಾಲನ್ನು ನೀವು ಓದಬೇಡಿ. ಇಬ್ಬರು ಮಕ್ಕಳನ್ನು ಕೋಣೆಯ ಎರಡು ತುದಿಯಲ್ಲಿ ನಿಲ್ಲಿಸಿ, ಒಬ್ಬರ ಸಾಲು ಮುಗಿಯುವ ಮೊದಲೇ ಇನ್ನೊಬ್ಬರು ಉಸಿರು ತೆಗೆದುಕೊಂಡಿರಬೇಕು ಎಂದು ಹೇಳಿ. ನೆರೆಗೆ ಬಾಗುವ ಮರ ಉಳಿಯುತ್ತದೆ, ಸೆಟೆದು ನಿಂತದ್ದು ಬೇರುಸಹಿತ ಹೋಗುತ್ತದೆ ಎಂದು ಹೇಮನ್ ತಂದೆಗೆ ಹೇಳುತ್ತಾನೆ. ಶಿರಿಯ ಹೊಳೆಯ ಬದಿಯ ಮಕ್ಕಳಿಗೆ ಅಡಿಟಿಪ್ಪಣಿ ಬೇಡ.

ನಾಲ್ಕನೆಯದರಲ್ಲಿ ಅಂತಿಗೊನೆಯ ಕೊನೆಯ ಮಾತು. ಇದನ್ನು ಹಾರಿಸುವವರು ಬಹಳ, ಆದರೆ ಅಷ್ಟರವರೆಗೆ ಕಲ್ಲಿನಂತಿದ್ದ ಹುಡುಗಿ ಮದುವೆಯಿಲ್ಲ, ಮಕ್ಕಳಿಲ್ಲ ಎಂದು ಗೋಳಿಡುವುದು ಇಲ್ಲಿಯೇ. ಗಂಡನಿಗಾಗಿಯೋ ಮಗುವಿಗಾಗಿಯೋ ಆಗಿದ್ದರೆ ಹೀಗೆ ಮಾಡುತ್ತಿರಲಿಲ್ಲ, ಅಣ್ಣನೆಂದು ಮಾಡಿದೆ ಎನ್ನುವ ಕೆಲವು ಸಾಲುಗಳನ್ನು ಮಾತ್ರ ಬಿಡಬಹುದು. ಅವು ಸೋಫೋಕ್ಲಿಸನದೇ ಹೌದೋ ಎಂದು ವಿದ್ವಾಂಸರಲ್ಲೇ ಜಗಳವಿದೆ. ಐದನೆಯದು ಕುರುಡ ಕಣಿಗಾರ ತೈರೇಸಿಯಸನದು. ಆರನೆಯದು ದೂತ ತರುವ ಸುದ್ದಿ ಮತ್ತು ಕ್ರಿಯೋನನ ಕೊನೆ.

ಮೇಳದ (ಕೋರಸ್‌ನ) ಹಾಡನ್ನು ಇಡೀ ತರಗತಿ ಒಟ್ಟಿಗೆ ಓದಿದರೆ ಒಂದಕ್ಷರ ತಿಳಿಯುವುದಿಲ್ಲ. ಐದು ಮಂದಿ ಸಾಕು, ಪ್ರತಿ ಖಂಡದ ಕೊನೆಯ ಸಾಲಿಗೆ ಉಳಿದವರು ಸೇರಲಿ.

*

ಬಾಯಾರಿನ ಅರ್ಥಧಾರಿಯೊಬ್ಬರು (ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತು ಪಾತ್ರದ ಮಾತಾಡುವವರು) ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದ್ದಾರೆ.

ದುಃಖಾಂತ ಬೇಕಾದರೆ ಗ್ರೀಸಿಗೆ ಯಾಕೆ ಹೋಗಬೇಕು? ಸಾವನ್ನು ರಂಗದಲ್ಲಿ ತೋರಿಸಬಾರದು ಎಂಬ ಶಾಸ್ತ್ರದ ಕಟ್ಟು ಇದ್ದರೂ ಭಾಸನ ‘ಊರುಭಂಗ’ದಲ್ಲಿ ದುರ್ಯೋಧನ ರಂಗದಲ್ಲೇ ಪ್ರಾಣ ಬಿಡುತ್ತಾನೆ. ತೊಡೆ ಮುರಿದು ಬಿದ್ದ ತಂದೆಯ ಮಡಿಲೇರಲು ಪುಟ್ಟ ದುರ್ಜಯ ಬರುವ ಭಾಗ ಓದಿಸಿ, ಯಾರು ನಗುತ್ತಾರೆ ನೋಡೋಣ. ರನ್ನನ ‘ಗದಾಯುದ್ಧ’ವನ್ನು ಬಿ.ಎಂ.ಶ್ರೀ. ರಂಗಕ್ಕೆ ತಕ್ಕಂತೆ ಹೊಂದಿಸಿದರು. ಸೋಫೋಕ್ಲಿಸನ ‘ಅಯಾಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ಎರಡೂ ಹಳಗನ್ನಡ, ಒಂಬತ್ತನೆಯವರಿಗೆ ಒಂದು ಪುಟ ಓದಿ ಕೇಳಿಸಿದರೆ ಹೆಚ್ಚು. ಕಣಿಪುರದ (ಕುಂಬಳೆಯ) ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲದಲ್ಲಿ ಕೂತು, ವಾಲಿ ರಾಮನಿಗೆ ಕೇಳುವ ಕೊನೆಯ ಪ್ರಶ್ನೆಗಳನ್ನು ಮರೆಯಬೇಡಿ.

‘ಅಂತಿಗೊನೆ’ಯನ್ನೇ ಓದಿಸುವುದಾದರೆ ಕ್ರಿಯೋನ್–ಹೇಮನ್ ಭಾಗವನ್ನು ತಾಳಮದ್ದಳೆಯ ಕ್ರಮದಲ್ಲಿ ಮಾಡಿಸಿ. ಹಿಮ್ಮೇಳ ಬೇಡ. ಒಬ್ಬರು ಮೂಲದ ನಾಲ್ಕು ಸಾಲು ಓದಲಿ, ಪಾತ್ರಧಾರಿ ಅದನ್ನು ತನ್ನ ಮಾತಿನಲ್ಲಿ ಎರಡು ನಿಮಿಷ ವಿಸ್ತರಿಸಲಿ, ಎದುರಿನವರು ಉತ್ತರ ಕೊಡಲಿ. ಎರಡು ನಿಮಿಷಕ್ಕೆ ಗಂಟೆ ಬಾರಿಸಲೇಬೇಕು. ಒಂದು ಅಪಾಯ ಇದೆ: ನಮ್ಮ ಕೂಟಗಳಲ್ಲಿ ವಾದ ಗೆಲ್ಲುವ ಚಪಲ ಇರುತ್ತದೆ. ಈ ನಾಟಕದಲ್ಲಿ ಗೆಲ್ಲುವವರಿಲ್ಲ. ಆದ್ದರಿಂದ ಅರ್ಧಕ್ಕೆ ಪಾತ್ರ ಅದಲುಬದಲು ಮಾಡಿಸಿ. ಕ್ರಿಯೋನನಾಗಿದ್ದವನು ಹೇಮನನಾಗಲಿ.

*

ಉಪ್ಪಳದಿಂದ ಒಬ್ಬ ಹೆತ್ತವರು:

ಶಾಲೆಗೆ ಬಂದ ಆ ತಂದೆಯನ್ನು ಎಲ್ಲರೂ ತಮಾಷೆ ಮಾಡುತ್ತಾರೆಂದು ಗೊತ್ತು. ಅವರು ಕೇಳಿದ್ದು ಅವಧಿಯ ಲೆಕ್ಕ. ಆರು ಅವಧಿ ಎಲ್ಲಿಂದ ಬರುತ್ತದೆ? ಶಾಲೆಯ ಸಾಹಿತ್ಯ ಕೂಟವಾದ ವಿದ್ಯಾರಂಗ ಸಾಹಿತ್ಯ ವೇದಿಕೆಯ ಹೊತ್ತಿನಲ್ಲಿ ಮಾಡಿ, ಬೇಡದ ಮಕ್ಕಳನ್ನು ಬಿಡಿ, ಪಾಠದ ಅವಧಿ ಮುಟ್ಟಬೇಡಿ.

*

ಈ ಮಾತಿನಲ್ಲಿ ತೂಕವಿದೆ. ಪರೀಕ್ಷೆಯ ಮಾತು ಬಂದದ್ದರಿಂದ ನೀರ್ಚಾಲಿನ ಅಧ್ಯಾಪಕರೊಬ್ಬರ ಪತ್ರದ ಈ ಭಾಗವನ್ನೂ ಓದಬಹುದು.

ಪರೀಕ್ಷೆಗೆ ಇಲ್ಲ ಎಂಬುದು ಅರ್ಧ ನಿಜ. ಪಾತ್ರ ವಿಶ್ಲೇಷಣೆ, ಸಂಭಾಷಣೆ ಬರೆಯುವುದು, ನಿಲುವು ಸಮರ್ಥಿಸುವುದು ಭಾಷಾಪತ್ರಿಕೆಯಲ್ಲಿ ಬಂದೇ ಬರುತ್ತವೆ. ನಮ್ಮ ಮಕ್ಕಳು ಅಂಕ ಕಳೆದುಕೊಳ್ಳುವುದು ವಿಶ್ಲೇಷಣೆ ಕೇಳಿದಲ್ಲಿ ಕಥೆ ಬರೆದು. ಇನ್ನು ಕೆಲವರು ‘ಕ್ರಿಯೋನನ ದೋಷ ಅಹಂಕಾರ’ ಎಂದು ಒಂದು ಸಾಲು ಗೀಚಿ ಸುಮ್ಮನಾಗುತ್ತಾರೆ. ಅದರ ಬದಲು ಅವನು ಹಿಂದೆ ಸರಿಯಬಹುದಾಗಿದ್ದ ಕಡೆಗಳನ್ನು ಗುರುತಿಸಲು ಹೇಳಿ: ಹೆಣಕ್ಕೆ ಯಾರೋ ಮಣ್ಣು ಉದುರಿಸಿದ್ದಾರೆ ಎಂಬ ಸುದ್ದಿ, ಸಿಕ್ಕಿಬಿದ್ದವಳು ಸೊಸೆಯಾಗಬೇಕಾದವಳೆಂದು ತಿಳಿದ ಕ್ಷಣ, ಮಗನ ಮಾತು, ಕಣಿಗಾರನ ಎಚ್ಚರಿಕೆ. ಪ್ರತಿಯೊಂದರ ಕೆಳಗೆ ಅವನು ಕೊಟ್ಟ ಕಾರಣವನ್ನು ಅವನದೇ ಮಾತಿನಲ್ಲಿ ಒಂದು ಸಾಲು.

ಇನ್ನೊಂದು ಸಂಗತಿ ಬಹಳ ಮಂದಿಯ ಕಣ್ಣಿಗೆ ಬೀಳುವುದಿಲ್ಲ. ಕ್ರಿಯೋನನ ಮನಸ್ಸು ಬದಲಾದಾಗ ಮೇಳದ ಹಿರಿಯರು ಹೇಳುವುದು ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣಕ್ಕೆ ಗೋರಿ ಕಟ್ಟು ಎಂದು. ಅವನು ಮೊದಲು ಹೆಣದ ಕೆಲಸ ಮುಗಿಸಿ ನಂತರ ಗುಹೆಗೆ ಹೋಗುತ್ತಾನೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಈ ಕ್ರಮ ಯಾಕೆ ತಿರುಗಿತು ಎಂದು ಒಂದು ಪುಟ ಬರೆಸಿ ನಿರಂತರ ಮೌಲ್ಯಮಾಪನಕ್ಕೆ ಇಟ್ಟುಕೊಳ್ಳಿ. ಗೈಡಿನಿಂದ ನಕಲು ಮಾಡಲು ಬರುವುದಿಲ್ಲ.

*

ಮಂಜೇಶ್ವರದಿಂದ ಬಂದ ಈ ಪತ್ರ ಉದ್ದವಾಗಿದೆ. ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ.

ಟೀಚರೇ, ಹೊರಗೆ ಹೋದ ಮಗುವಿನ ಬಗ್ಗೆ ನೀವು ಬರೆದದ್ದು ಒಂದೇ ವಾಕ್ಯ. ನಕ್ಕವರ ಬಗ್ಗೆ ಇಡೀ ಪ್ಯಾರಾ. ನಾನು ಆ ಒಂದು ವಾಕ್ಯಕ್ಕೆ ಮಾತ್ರ ಉತ್ತರಿಸುತ್ತೇನೆ.

ಈ ನಾಟಕದಲ್ಲಿ ಮೂವರು ಸಾಯುವುದು ತಮ್ಮ ಕೈಯಿಂದಲೇ. ಯುದ್ಧದ ಸಾವಿನಂತಲ್ಲ ಇದು. ತರಗತಿಯಲ್ಲಿ ಯಾರ ಮನೆಯಲ್ಲಿ ಏನಾಗಿದೆ ಎಂಬುದು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಓದಿಸುವ ಮೊದಲು ಕ್ಲಾಸ್ ಟೀಚರನ್ನೂ ಶಾಲೆಗೆ ಬರುವ ಕೌನ್ಸೆಲರನ್ನೂ ಕೇಳಿ. ಕಾರಣ ತಿಳಿಯಬೇಕಾಗಿಲ್ಲ, ಯಾವ ಮಗುವಿಗೆ ಜೋಪಾನ ಬೇಕು ಎಂದು ತಿಳಿದರೆ ಸಾಕು.

ಆ ಮಗುವನ್ನು ಒಂಟಿಯಾಗಿ ಮಾತಾಡಿಸಿ, ಆದರೆ ಸ್ಟಾಫ್ ರೂಮಿಗೆ ಕರೆಯಬೇಡಿ. ಅಲ್ಲಿ ನಾಲ್ಕು ಜನರ ಕಿವಿ ಇರುತ್ತದೆ. ವರಾಂಡದಲ್ಲಿ ನಡೆಯುತ್ತ ಹೇಳಿ. ‘ಯಾಕೆ ಅತ್ತೆ?’ ಎಂದು ಕೇಳಬೇಡಿ. ಮುಂದಿನ ವಾರ ಈ ಭಾಗ ಓದುತ್ತೇವೆ, ನೀನು ತರಗತಿಯಲ್ಲಿ ಕೂರಬಹುದು, ಲೈಬ್ರರಿಯಲ್ಲಿ ಕೂರಬಹುದು, ನಡುವೆ ಎದ್ದು ಹೋಗಬಹುದು, ನನಗೆ ಹೇಳಿ ಹೋಗಬೇಕೆಂದೂ ಇಲ್ಲ ಎನ್ನಿ. ಹೊರಗೆ ಹೋದರೆ ಜೊತೆಗೆ ಯಾರು ಬರಬೇಕೆಂದು ಮೊದಲೇ ಅವಳೇ ಆರಿಸಲಿ. ‘ಹೋಗಿ ನೋಡಿ ಬಾ’ ಎಂದು ನೀವು ಯಾರನ್ನೋ ಕಳುಹಿಸಿದರೆ ಅದು ಸಹಾಯವಲ್ಲ, ವರದಿ. ಸಾಯುವ ಮಾತು ಅವಳ ಬಾಯಿಂದ ಬಂದರೆ ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡಿ. ಅದೇ ದಿನ ಕೌನ್ಸೆಲರಿಗೆ ತಿಳಿಸಿ. ಅವರು ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಕೊನೆ ಏನೆಂದು ಮೊದಲೇ ಹೇಳುವುದು ತಪ್ಪಲ್ಲ. ಅಥೆನ್ಸಿನ ಪ್ರೇಕ್ಷಕರಿಗೆ ಅಂತಿಗೊನೆಯ ತಂದೆ ಈಡಿಪಸನ ಮನೆತನದ ಕಥೆ ಗೊತ್ತಿತ್ತು, ಗೊತ್ತಿದ್ದೇ ಕೂರುತ್ತಿದ್ದರು. ಆದರೆ ಎಣಿಸಿ ಹೇಳಬೇಡಿ, ಹೇಗೆ ಸತ್ತರು ಎಂದೂ ಹೇಳಬೇಡಿ. ದೂತನ ಮಾತಿನಲ್ಲಿ ವಿಧಾನ ಬರುವ ಒಂದೆರಡು ಸಾಲು ಬಿಟ್ಟು ಓದಿದರೆ ನಾಟಕಕ್ಕೆ ಏನೂ ಕಡಿಮೆಯಾಗುವುದಿಲ್ಲ. ಸೋಫೋಕ್ಲಿಸನೇ ಆ ಮೂರನ್ನೂ ಕಣ್ಣಿಂದ ಮರೆ ಮಾಡಿ ಕಿವಿಗೆ ಮಾತ್ರ ಕೊಟ್ಟಿದ್ದಾನೆ. ಅಂತಿಗೊನೆಯ ದೇಹ ರಂಗಕ್ಕೆ ಬರುವುದೇ ಇಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆಂದು ಯಾರಾದರೂ ಹಗ್ಗ ಕಟ್ಟಲು ಹೊರಟರೆ ತಡೆಯಿರಿ.

ಧೈರ್ಯವಂತೆ ಎಂದು ಹೊಗಳಬೇಡಿ, ಹೇಡಿತನ ಎಂದು ತೀರ್ಪು ಕೊಡಬೇಡಿ. ಎರಡೂ ಮಾತು ಮನೆಯವರೆಗೆ ಹಿಂಬಾಲಿಸುತ್ತವೆ. ಹೇಮನ್ ಪ್ರೀತಿಗಾಗಿ ಪ್ರಾಣ ಕೊಟ್ಟ ಎನ್ನುವುದಂತೂ ಬೇಡವೇ ಬೇಡ. ಅವನು ತಂದೆಯ ಮುಖಕ್ಕೆ ಉಗುಳಿ, ಅವನ ಮೇಲೇ ಕತ್ತಿ ಬೀಸಿ, ಗುರಿ ತಪ್ಪಿದ ಮೇಲೆ ತನ್ನನ್ನು ಇರಿದುಕೊಂಡವನು. ಅಲ್ಲಿ ಇರುವುದು ಸಿಟ್ಟು, ಯಾರೂ ಹಿಡಿದು ನಿಲ್ಲಿಸದ ಸಿಟ್ಟು. ‘ನೀನು ಅಂತಿಗೊನೆಯಾಗಿದ್ದರೆ ಏನು ಮಾಡುತ್ತಿದ್ದೆ?’ ಎಂಬ ಪ್ರಶ್ನೆಯನ್ನು ಎಲ್ಲ ಪುಸ್ತಕಗಳೂ ಕೇಳುತ್ತವೆ. ಅದನ್ನು ಬಿಟ್ಟುಬಿಡಿ.

ಇಸ್ಮೆನೆಯ ಬಗ್ಗೆ ಕೇಳಿ. ಮೊದಲು ಹೆದರಿ ಹಿಂದೆ ಸರಿದವಳು, ಆಮೇಲೆ ತಾನೂ ಪಾಲುದಾರಳೆಂದು ಓಡಿಬಂದವಳು, ಅಕ್ಕರೆಯಿಂದ ಬಂದವಳನ್ನು ಅಂತಿಗೊನೆ ದೂರ ತಳ್ಳುತ್ತಾಳೆ. ಕ್ರಿಯೋನ್ ಅವಳನ್ನು ಬಿಟ್ಟುಬಿಡುತ್ತಾನೆ. ಆಮೇಲೆ ಅವಳಿಗೆ ಏನಾಯಿತೆಂದು ನಾಟಕ ಹೇಳುವುದಿಲ್ಲ. ತಂದೆ, ತಾಯಿ, ಅಣ್ಣಂದಿರಿಬ್ಬರು, ಈಗ ಅಂತಿಗೊನೆ: ಎಲ್ಲ ಹೋದ ಮನೆಯಲ್ಲಿ ಉಳಿದವಳು ಅವಳೊಬ್ಬಳು. ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಒಲೆ ಹೊತ್ತಿಸಿದವರು ಯಾರು? ಅವಳ ಮೇಲೆ ಒಂದು ಪ್ರಶ್ನೆ ಯಾರೂ ಕೇಳಿದ್ದಿಲ್ಲ. ಹುಡುಗರು ಅವಳನ್ನು ‘ಪುಕ್ಕಲಿ’ ಎಂದು ಬರೆಯುತ್ತಾರೆ, ಅದಕ್ಕೆ ಸರಿ ಗುರುತೂ ಬೀಳುತ್ತದೆ. ನೀವು ಹಾಕಬೇಡಿ.

ಶುಕ್ರವಾರದ ಕೊನೆಯ ಅವಧಿಗೆ ಆ ಭಾಗ ಇಡಬೇಡಿ, ಮಗು ಅದನ್ನು ಹೊತ್ತುಕೊಂಡು ಎರಡು ದಿನ ಮನೆಯಲ್ಲಿರುತ್ತದೆ. ವಾರದ ನಡುವೆ, ಬೆಳಗಿನ ಎರಡನೆಯ ಅವಧಿ ಒಳ್ಳೆಯದು. ಗಂಟೆಗೆ ಹತ್ತು ನಿಮಿಷ ಮೊದಲೇ ಓದು ನಿಲ್ಲಿಸಿ. ಆ ಹತ್ತು ನಿಮಿಷ ಪ್ರಶ್ನೆ ಕೇಳಬೇಡಿ, ಬರೆಸಬೇಡಿ. ಮಾತಾಡುವವರು ಮಾತಾಡಲಿ.

ನಕ್ಕವರನ್ನು ಗದರಿಸಬೇಡಿ. ಅವರಲ್ಲೂ ಒಬ್ಬನಿಗೆ ಅಳು ಬರುತ್ತಿದ್ದಿರಬಹುದು.

*

ತಾಳವಾಡಿಯಿಂದ ಒಂದು ಚಿಕ್ಕ ಸಲಹೆ:

ಗಡಿಯ ಶಾಲೆಗಳಲ್ಲಿ ಮನೆಮಾತು ನಾಲ್ಕು ಬಗೆ. ಮೊದಲು ಮನೆಮಾತಿನಲ್ಲೇ ಜಗಳ ಆಡಿಸಿ. ನಿಮ್ಮಲ್ಲಿ ತುಳು, ಮಲಯಾಳ, ಹವ್ಯಕ, ಕೊಂಕಣಿ ಯಾವುದಾದರೂ ಸರಿ. ಕ್ರಿಯೋನನ ಮಾತಿನ ಕಾವು ಬಾಯಿಗೆ ಬಂದ ಮೇಲೆ ಪುಸ್ತಕದ ಕನ್ನಡಕ್ಕೆ ಬನ್ನಿ. ಲಂಕೇಶರ ಅನುವಾದ ಸಿಗದಿದ್ದರೆ ಸಿಕ್ಕಿದ್ದನ್ನು ಗಟ್ಟಿಯಾಗಿ ಓದಿ ನೋಡಿ, ಉಸಿರು ಸಿಕ್ಕಿಕೊಳ್ಳುವ ವಾಕ್ಯವನ್ನು ಎರಡಾಗಿ ಮುರಿದು ಕೊಡಿ. ಮಕ್ಕಳು ನಗುವುದಕ್ಕೆ ಎಷ್ಟೋ ಸಲ ಸಾವು ಕಾರಣವಲ್ಲ, ‘ಅಯ್ಯೋ, ಹಾ ವಿಧಿಯೇ’ ಎಂಬ ಭಾಷೆ ಕಾರಣ.

*

ಈ ವಿಷಯದ ಪತ್ರಗಳನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ಬದಿಯಡ್ಕದವರ ಅವಧಿ ಹಂಚಿಕೆಯನ್ನೂ ಮಂಜೇಶ್ವರದ ಪತ್ರವನ್ನೂ ಅಧ್ಯಾಪಕಿಗೆ ಅಂಚೆಯಲ್ಲಿ ಕಳುಹಿಸಿದ್ದೇವೆ. ಉಪ್ಪಳದ ಪತ್ರವನ್ನು ಅವರ ಶಾಲೆಯ ಪಿ.ಟಿ.ಎ.ಗೆ (ಶಿಕ್ಷಕ–ರಕ್ಷಕ ಸಂಘಕ್ಕೆ) ತಲುಪಿಸಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ.

— ಸಂ.